ಹಾರ್ಮೋನಿಯಂ ಪೆಟ್ಟಿಗೆಗೆ ಹಾಕಿದ ಬಹಿಷ್ಕಾರ

ಹಾಡಿಗೆ ಜಾತಿ ಇಲ್ಲ ಎನ್ನುವವರು ನಮ್ಮಲ್ಲಿ ಬಹಳ ಜನ. ಅವರಲ್ಲಿ ಒಳ್ಳೆಯವರೂ ಇದ್ದಾರೆ. ಸಪ್ತಸ್ವರಕ್ಕೆ ಯಾವ ಕುಲ, ಗಾಳಿಗೆ ಯಾವ ಮೈಲಿಗೆ ಎಂದು ಅವರು ಕೇಳಿದಾಗ ನಾವೂ ತಲೆದೂಗಿದ್ದುಂಟು. ಆದರೆ ಆ ಸ್ವರ ನುಡಿಸುವ ಒಂದು ಪೆಟ್ಟಿಗೆಗೆ ಈ ದೇಶದ ಸರ್ಕಾರಿ ರೇಡಿಯೊ ಮೂವತ್ತೊಂದು ವರ್ಷ ಬಹಿಷ್ಕಾರ ಹಾಕಿತ್ತು ಎಂಬುದು ಇವರಿಗೆ ನೆನಪೇ ಇರುವುದಿಲ್ಲ. ೧೯೪೦ರ ಮಾರ್ಚ್ ೧ರಿಂದ ಆಲ್ ಇಂಡಿಯಾ ರೇಡಿಯೊದ ನಿಲಯಗಳಲ್ಲಿ ಹಾರ್ಮೋನಿಯಂ ನುಡಿಯಕೂಡದು ಎಂದು ಅಪ್ಪಣೆಯಾಯಿತು. ಅಪ್ಪಣೆ ಕೊಟ್ಟಾಗ ಬ್ರಿಟಿಷರು ಇದ್ದರು. ಅವರು ಹೋದರು, ಸ್ವಾತಂತ್ರ್ಯ ಬಂತು, ಸಂವಿಧಾನ ಬಂತು, ಹದಿನೇಳನೆಯ ವಿಧಿ ಅಸ್ಪೃಶ್ಯತೆಯನ್ನು ಅಳಿಸಿಹಾಕಿತು. ಪೆಟ್ಟಿಗೆ ಮಾತ್ರ ಹೊರಗೇ ಇತ್ತು. ಕಟ್ಟು ಸಡಿಲಾದದ್ದು ೧೯೭೧ರಲ್ಲಿ, ಅದೂ ಪೂರ್ತಿಯಾಗಿ ಅಲ್ಲ. ದೊಡ್ಡ ಗಾಯಕರ ಪಕ್ಕದಲ್ಲಿ ಸಾಥಿಗೆ ಕೂರಬಹುದು ಎಂದಷ್ಟೇ.

ಒಂದು ಮರದ ಪೆಟ್ಟಿಗೆಗಾಗಿ ಈಗ ಅಳುವುದು ಯಾಕೆ ಎಂದು ಗೆಳೆಯರು ಕೇಳಬಹುದು. ಕೇಳಲಿ. ನಮಗೆ ಪೆಟ್ಟಿಗೆಗಿಂತ ಮುಖ್ಯವಾದದ್ದು ಅದನ್ನು ಹೊರಗಿಟ್ಟ ಬಾಗಿಲು. ಇವತ್ತು ನಾವು ಸುಗಮ ಸಂಗೀತ, ಭಾವಗೀತೆ, ಜಾನಪದ ಗೀತೆ ಎಂದು ಮೂರು ಹೆಸರಿಟ್ಟು ಕರೆಯುವ ಹಾಡುಗಳಿವೆಯಲ್ಲ, ಅವುಗಳ ಗಂಟಲು, ಅಳತೆ, ಮೇಳ ಎಲ್ಲ ರೂಪುಗೊಂಡದ್ದು ಆ ಬಾಗಿಲಲ್ಲಿ. ಜನಕ್ಕೆ ಇಂಥದ್ದು ಇಷ್ಟವಾಯಿತು, ಆದ್ದರಿಂದ ಇಂಥ ಹಾಡು ಬಂತು ಎಂದು ವಿಮರ್ಶಕರು ಬರೆಯುತ್ತಾರೆ. ಜನಕ್ಕೆ ಏನು ಕೇಳಿಸಬೇಕು ಎಂದು ತೀರ್ಮಾನಿಸಿದವರು ಯಾರು ಎಂಬುದನ್ನು ಬರೆಯುವುದಿಲ್ಲ.

ಮೊದಲು ಪೆಟ್ಟಿಗೆಯ ಪುರಾಣ ಹೇಳಿಬಿಡೋಣ. ಹಾರ್ಮೋನಿಯಂ ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ, ಅಲೆಗ್ಸಾಂಡರ್ ದೆಬೆಂ ಎಂಬವನು ೧೮೪೨ರಲ್ಲಿ ಪೇಟೆಂಟು ಪಡೆದ. ಅದನ್ನು ಕುರ್ಚಿಯ ಮೇಲೆ ಕೂತು ಕಾಲಿಂದ ತಿದಿ ಒತ್ತಿ ನುಡಿಸಬೇಕಿತ್ತು. ಪಾದ್ರಿಗಳ ಜೊತೆ ಇಲ್ಲಿಗೆ ಬಂತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅದರ ಕಾಲು ಕತ್ತರಿಸಿ, ತಿದಿಯನ್ನು ಹಿಂದಕ್ಕೆ ತಂದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಒಂದು ಕೈಯಲ್ಲಿ ಗಾಳಿ ಹಾಕುತ್ತ ಇನ್ನೊಂದು ಕೈಯಲ್ಲಿ ನುಡಿಸುವ ಹಾಗೆ ಮಾಡಿದ. ಅಲ್ಲಿಂದ ಅದು ನಮ್ಮದಾಯಿತು. ಉತ್ತರ ಕರ್ನಾಟಕದಲ್ಲಿ ಅದಕ್ಕೆ ಪೇಟಿ ಎಂದೇ ಹೆಸರು, ನುಡಿಸುವವರು ಪೇಟಿ ಮಾಸ್ತರು. ಕಂಪನಿ ನಾಟಕಗಳಲ್ಲಿ ಮಾತ್ರ ಕಾಲು ಹಾರ್ಮೋನಿಯಂ ಬಹಳ ಕಾಲ ಉಳಿಯಿತು. ೧೮೮೪ರಲ್ಲಿ ಶುರುವಾದ ಗುಬ್ಬಿ ಕಂಪನಿಯಿಂದ ಹಿಡಿದು ಎಲ್ಲ ಕಂಪನಿಗಳಲ್ಲೂ ನಾಟಕದ ಅರ್ಧ ಜೀವ ಆ ಪೆಟ್ಟಿಗೆಯಲ್ಲಿತ್ತು.

ಆದರೆ ನಮಗೆ ಕಂಪನಿಗಿಂತ ಹತ್ತಿರದವರು ಹಳ್ಳಿಯ ಹಾರ್ಮೋನಿಯಂ ಮೇಷ್ಟ್ರು. ಹಳೇ ಮೈಸೂರು ಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ ನಾಟಕ ಕಲಿಸಲು ಬರುತ್ತಿದ್ದವರನ್ನು ನೋಡದವರು ಯಾರು? ಬಗಲಿಗೊಂದು ಪೆಟ್ಟಿಗೆ, ಚೀಲದಲ್ಲಿ ಹೊದಿಕೆ ಕಿತ್ತುಹೋದ ನಾಟಕದ ಪುಸ್ತಕ. ಕುರುಕ್ಷೇತ್ರವನ್ನೋ ರಾಮಾಯಣವನ್ನೋ ಕಲಿಸಲು ಎರಡು ಮೂರು ತಿಂಗಳು ಊರಲ್ಲೇ ಠಿಕಾಣಿ. ಮಲಗಲು ಯಾರದೋ ಜಗಲಿ, ಊಟ ಸರದಿಯ ಮೇಲೆ. ಹಗಲು ನೇಗಿಲು ಹಿಡಿದವನು, ಕಲ್ಲು ಒಡೆದವನು, ರಾತ್ರಿ ಲಾಟೀನಿನ ಬೆಳಕಲ್ಲಿ ಅವರ ಮುಂದೆ ಕೂತು ಭೀಮನ ಕಂದವನ್ನೋ ಕರ್ಣನ ಸೀಸಪದ್ಯವನ್ನೋ ಹೇಳುತ್ತಿದ್ದ. ಓದು ಬಾರದವನಿಗೆ ಪಕ್ಕದಲ್ಲಿ ಕೂತು ಒಬ್ಬರು ಸಾಲು ಓದಿ ಹೇಳುತ್ತಿದ್ದರು. ಮೋಹನ, ಕಾಂಬೋದಿ, ಹಿಂದೋಳ ಅಂತ ಹೆಸರು ಗೊತ್ತಿಲ್ಲದೆಯೇ ಆ ರಾಗಗಳು ಅವನ ಗಂಟಲಿಗೆ ಇಳಿಯುತ್ತಿದ್ದವು. ಮೇಷ್ಟ್ರಿಗೂ ಕೆಲವಕ್ಕೆ ಹೆಸರು ಗೊತ್ತಿರಲಿಲ್ಲ, ಅವರಿಗೆ ಗೊತ್ತಿದ್ದದ್ದು ಮಟ್ಟು. ಆ ಮಟ್ಟು ಮರಾಠಿ ನಾಟಕದ್ದೋ, ಹಿಂದಿ ಸಿನಿಮಾದ್ದೋ, ದೇವರನಾಮದ್ದೋ ಯಾರಿಗೆ ಬೇಕಿತ್ತು? ಗಂಟಲು ಹತ್ತದಿದ್ದರೆ "ಒಂದು ಮನೆ ಇಳಿಸಿಕೊಳ್ಳಪ್ಪ" ಎಂದು ಬೆರಳನ್ನು ಪಕ್ಕದ ಮನೆಗೆ ಜರುಗಿಸುತ್ತಿದ್ದರು. ಅಷ್ಟೇ ಸಲೀಸು.

ಇದು ಸಣ್ಣ ಮಾತಲ್ಲ. ವೀಣೆ ಕಲಿಯಬೇಕಾದರೆ ಗುರುವಿನ ಮನೆಯ ಹೊಸಿಲು ದಾಟಿ ಒಳಗೆ ಹೋಗಬೇಕು, ವರ್ಷಗಟ್ಟಲೆ ಹೋಗಬೇಕು. ನಮ್ಮನ್ನು ಆ ಹೊಸಿಲು ದಾಟಲು ಬಿಡುವವರು ಯಾರಿದ್ದರು? ಹಾರ್ಮೋನಿಯಂ ತಾನೇ ಊರಿಗೆ ಬಂತು, ಕೆಲವು ಊರುಗಳಲ್ಲಿ ಕೇರಿಗೂ ಬಂತು. ಎಲ್ಲ ಮೇಷ್ಟ್ರೂ ಕೇರಿಯೊಳಕ್ಕೆ ಕಾಲಿಡಲಿಲ್ಲ ಎಂಬುದನ್ನೂ ಹೇಳಬೇಕು. ಕೇರಿಯ ಅಂಚಿನ ಮರದ ಕೆಳಗೆ ಕೂತು ಕಲಿಸಿ, ಸಂಭಾವನೆಯನ್ನು ಮೇಲಿಂದ ಹಾಕಿಸಿಕೊಂಡು ಹೋದ ಮಹಾನುಭಾವರೂ ಇದ್ದರು. ಆದರೂ ರಾಗವನ್ನು ಅಗ್ರಹಾರದಿಂದ ಕಣಕ್ಕೆ ತಂದ ಸಾಧನ ಯಾವುದು ಎಂದು ಕೇಳಿದರೆ ನಮ್ಮ ಉತ್ತರ ಈ ಪೆಟ್ಟಿಗೆ.

ಇದನ್ನು ರೇಡಿಯೊ ಯಾಕೆ ಹೊರಗಿಟ್ಟಿತು? ವಾದ ಹೂಡಿದವರು ಸಣ್ಣವರಲ್ಲ. ದೆಹಲಿ ನಿಲಯದಲ್ಲಿ ಪಾಶ್ಚಾತ್ಯ ಸಂಗೀತ ನೋಡಿಕೊಳ್ಳುತ್ತಿದ್ದ ಜಾನ್ ಫೌಲ್ಡ್ಸ್ ಎಂಬ ಇಂಗ್ಲಿಷ್ ಸಂಗೀತಗಾರ ಇದರ ವಿರುದ್ಧ ರೇಡಿಯೊದ ಪತ್ರಿಕೆಯಲ್ಲೇ ಬರೆದಿದ್ದ. ಆನಂದ ಕುಮಾರಸ್ವಾಮಿ ಅದಕ್ಕೂ ಮೊದಲೇ ಹಳಿದಿದ್ದರು. ರವೀಂದ್ರನಾಥ ಟಾಗೋರರು ಶಾಂತಿನಿಕೇತನದಲ್ಲಿ ಅದಕ್ಕೆ ಜಾಗ ಕೊಡಲಿಲ್ಲ, ೧೯೪೦ರ ಜನವರಿಯಲ್ಲಿ ಕಲ್ಕತ್ತ ನಿಲಯಕ್ಕೆ ಪತ್ರ ಬರೆದು ರೇಡಿಯೊದಿಂದಲೂ ತೆಗೆಯಿರಿ ಎಂದರು. ಅವರ ವಾದದ ಒಂದು ಭಾಗವನ್ನು ನಾವು ಒಪ್ಪುತ್ತೇವೆ. ಹಾರ್ಮೋನಿಯಂನ ಹನ್ನೆರಡು ಮನೆಗಳು ಹನ್ನೆರಡೇ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಬಾರದು, ಮಧ್ಯೆ ತೂಗಲು ಬಾರದು, ಗಮಕ ಅದಕ್ಕೆ ಒಲಿಯದು. ಸಂಗೀತ ಬಲ್ಲ ಯಾರೂ ಇದನ್ನು ಅಲ್ಲಗಳೆಯುವುದಿಲ್ಲ.

ಹಾಗಿದ್ದರೆ ಗಮಕ ಬೇಕಾದ ಕಡೆ ಬೇಡ ಎನ್ನಬೇಕಿತ್ತು. ಭಜನೆಗೆ? ನಾಟಕದ ಹಾಡಿಗೆ? ಕವ್ವಾಲಿಗೆ? ಗುರುದ್ವಾರದ ಕೀರ್ತನೆಗೆ? ನಿಷೇಧ ಎಲ್ಲಕ್ಕೂ ಬಿತ್ತು. ಪರದೇಶದ್ದು ಎಂಬ ಕಾರಣವಂತೂ ನಗು ಬರಿಸುವಂಥದ್ದು. ಪಿಟೀಲು ಎಲ್ಲಿಯದು? ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಯೂರೋಪಿನವರಿಂದ ಕಲಿತು ಕರ್ನಾಟಕ ಸಂಗೀತಕ್ಕೆ ತಂದದ್ದು. ಪಿಟೀಲು ಗಮಕ ನುಡಿಸುತ್ತದೆ, ಸರಿ. ಆದರೆ ಅದರ ಹುಟ್ಟಿದೂರನ್ನು ಯಾರೂ ಕೇಳಲಿಲ್ಲ. ಪರದೇಶಿ ಮೈಕಿನ ಮುಂದೆ ಕೂತು, ಪರದೇಶಿ ಟ್ರಾನ್ಸ್‌ಮಿಟರಿನಲ್ಲಿ, ಇಂಗ್ಲಿಷ್ ಅಧಿಕಾರಿಯ ಅಪ್ಪಣೆಯಿಂದ ಹಾರ್ಮೋನಿಯಂ ಪರದೇಶಿ ಎಂದರು! ಇನ್ನೂ ವಿಚಿತ್ರವೆಂದರೆ ರೇಡಿಯೊದ ಹೊರಗೆ ದೊಡ್ಡ ದೊಡ್ಡ ಹಿಂದುಸ್ತಾನಿ ಗಾಯಕರೇ ಪಕ್ಕದಲ್ಲಿ ಪೇಟಿ ಇಟ್ಟುಕೊಂಡು ಕಚೇರಿ ಮಾಡುತ್ತಿದ್ದರು. ಬೆಳಗಾವಿಯ ರಾಂಭಾವು ವಿಜಾಪುರೆಯವರಂಥ ಪೇಟಿ ವಿದ್ವಾಂಸರು ಇದೇ ನಿಷೇಧದ ಕಾಲದಲ್ಲಿ ಬೆಳೆದು, ಎಷ್ಟೋ ಗಾಯಕರಿಗೆ ಸಾಥ್ ಕೊಟ್ಟು, ನೂರಾರು ಶಿಷ್ಯರನ್ನು ತಯಾರು ಮಾಡಿದರು. ವೇದಿಕೆಯಲ್ಲಿ ಆಗುತ್ತದೆ, ನಿಲಯದಲ್ಲಿ ಆಗುವುದಿಲ್ಲ. ಹೊಲದಲ್ಲಿ ಆಗುತ್ತದೆ, ಹಜಾರದಲ್ಲಿ ಆಗುವುದಿಲ್ಲ ಎಂಬ ಮಾತನ್ನು ನಾವು ಬೇರೆ ಕಡೆ ಕೇಳಿದ್ದೇವೆ ಅಲ್ಲವೇ?

ಪೆಟ್ಟಿಗೆಯ ಹಿಂದೆಯೇ ಮನುಷ್ಯರ ಸರದಿ ಬಂತು. ೧೯೪೬ರಲ್ಲಿ ಮಧ್ಯಂತರ ಸರ್ಕಾರ ಬಂದು ವಲ್ಲಭಭಾಯಿ ಪಟೇಲರು ರೇಡಿಯೊ ಖಾತೆ ವಹಿಸಿಕೊಂಡ ಮೇಲೆ, ಖಾಸಗಿ ಜೀವನ ಊರವರ ಬಾಯಿಗೆ ಬಿದ್ದಂಥ ಹೆಂಗಸರಿಗೆ ನಿಲಯದಲ್ಲಿ ಹಾಡಲು ಅವಕಾಶ ಇಲ್ಲ ಎಂದಾಯಿತು. ಬಿಡಿಸಿ ಹೇಳುವುದಾದರೆ ತವಾಯಫರಿಗೆ, ನಾಯಕಸಾನಿಯರಿಗೆ ಬಾಗಿಲು ಮುಚ್ಚಿತು. ಗ್ರಾಮಫೋನು ಈ ದೇಶಕ್ಕೆ ಬಂದಾಗ ಮೊದಲು ಹಾಡಿದವರು ಇವರೇ. ಮರ್ಯಾದಸ್ಥ ಮನೆಯ ಹೆಂಗಸರು ಮೈಕಿನ ಹತ್ತಿರ ಬರಲು ಹೆದರುತ್ತಿದ್ದ ಕಾಲದಲ್ಲಿ ತಟ್ಟೆಯ ಮೇಲೆ ದನಿ ಕೊಟ್ಟು ಕಂಪನಿಗಳನ್ನು ಬೆಳೆಸಿದವರು. ದಾರಿ ಹದವಾದ ಮೇಲೆ, ದಾರಿ ಮಾಡಿದವರನ್ನು ಹೊರಗೆ ಹಾಕಿದರು.

ನಮ್ಮ ಗಂಗೂಬಾಯಿ ಹಾನಗಲ್ಲರ ಕತೆಯನ್ನು ಈ ಬೆಳಕಲ್ಲಿ ಓದಬೇಕು. ೧೯೨೪ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ, ಗಾಂಧೀಜಿ ಅಧ್ಯಕ್ಷರಾಗಿದ್ದಾಗ, ಸ್ವಾಗತಗೀತೆ ಹಾಡಿದ ಹುಡುಗಿಯರಲ್ಲಿ ಅವರೂ ಒಬ್ಬರು. ಗಾಂಧಿ ಮುಂದೆ ಹಾಡುವ ಭಯಕ್ಕಿಂತ, ಮೇಲ್ಜಾತಿಯವರ ಊಟವಾದ ಮೇಲೆ ತಮ್ಮ ಕೈಯಲ್ಲಿ ಎಂಜಲೆಲೆ ಎತ್ತಿಸುತ್ತಾರೇನೋ ಎಂಬ ಭಯವೇ ಅವತ್ತು ದೊಡ್ಡದಿತ್ತು ಎಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ಅವರ ಮೊದಲ ತಟ್ಟೆಗಳ ಮೇಲೆ ಇದ್ದ ಹೆಸರು ಗಾಂಧಾರಿ ಹುಬ್ಬಳ್ಳಿ. ಅವುಗಳಲ್ಲಿ ಠುಮರಿ ಇತ್ತು, ಮರಾಠಿ ಭಾವಗೀತೆ ಇತ್ತು, ಅಂದಿನ ಜನಪ್ರಿಯ ಹಾಡಿತ್ತು. ಆಮೇಲೆ ಅದನ್ನೆಲ್ಲ ಬಿಟ್ಟು ಖಯಾಲ್ ಒಂದನ್ನೇ ಹಿಡಿದರು. ಇದು ಕಲೆಯ ಹಂಬಲ, ಗುರು ಸವಾಯಿ ಗಂಧರ್ವರ ದಾರಿ, ನಿಜ. ಆದರೆ ಅವರ ಹುಟ್ಟಿನ ಹೆಂಗಸಿಗೆ ಹಗುರ ಹಾಡು ಹಾಡುವ ಸ್ವಾತಂತ್ರ್ಯ ಎಷ್ಟಿತ್ತು? ಲತಾ ಮಂಗೇಶ್ಕರ್ ಪ್ರೇಮಗೀತೆ ಹಾಡಿದರೆ ದೇವಿ. ನಾಯಕಸಾನಿಯ ಮಗಳು ಅದೇ ಹಾಡಿದರೆ ಜನ ಏನನ್ನುತ್ತಿದ್ದರು ಎಂದು ನಾವು ಹೇಳಬೇಕಾಗಿಲ್ಲ. ಖಯಾಲಿನ ಗಾಂಭೀರ್ಯ ಅವರಿಗೆ ಒಂದು ಕವಚವೂ ಆಗಿತ್ತು ಎಂದು ನಾವು ಓದಿಕೊಳ್ಳುತ್ತೇವೆ. ರೇಡಿಯೊ ಮೂಗು ಮುರಿದವರನ್ನು ಸಿನಿಮಾ ಸ್ಟುಡಿಯೊ ಒಳಗೆ ಕರೆದುಕೊಂಡಿತು. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ೧೯೪೩ರ 'ಕಿಸ್ಮತ್' ಚಿತ್ರಕ್ಕೆ ಹಾಡಿ ಇಡೀ ಹಿಂದುಸ್ತಾನದ ಮನೆಮಾತಾದರು.

೧೯೫೨ರಲ್ಲಿ ಬಿ.ವಿ. ಕೇಸ್ಕರ್ ಮಂತ್ರಿಯಾದರು. ಹತ್ತು ವರ್ಷ ಇದ್ದರು. ಮುಸ್ಲಿಂ ಉಸ್ತಾದರ ಕೈಗೆ ಬಿದ್ದು ನಮ್ಮ ಸಂಗೀತ ಆಧ್ಯಾತ್ಮ ಕಳೆದುಕೊಂಡಿತು ಎಂಬುದು ಅವರ ಸಿದ್ಧಾಂತ. ಅವರ ಕಾಲದಲ್ಲಿ ಆಡಿಷನ್ ಎಂಬ ಪರೀಕ್ಷೆ ಬಂತು, ಎ, ಬಿ ಎಂದು ಕಲಾವಿದರಿಗೆ ದರ್ಜೆ ಬಿತ್ತು. ತಲೆತಲಾಂತರದಿಂದ ಹಾಡಿಕೊಂಡು ಬಂದವರು ಕಮಿಟಿಯ ಮುಂದೆ ಕೂತು ರಾಗಲಕ್ಷಣ ಒಪ್ಪಿಸಬೇಕಾಯಿತು. ಸಿನಿಮಾ ಹಾಡಂತೂ ಅವರಿಗೆ ಮೈಲಿಗೆ. ರೇಡಿಯೊದಲ್ಲಿ ಅದರ ಪಾಲನ್ನು ಮೊಟಕು ಮಾಡಿದರು, ಚಿತ್ರದ ಹೆಸರು ಹೇಳಕೂಡದು ಎಂದರು. ನಿರ್ಮಾಪಕರು ಸಿಟ್ಟಾಗಿ ಹಾಡುಗಳನ್ನೇ ಹಿಂದಕ್ಕೆ ಪಡೆದರು. ಆಗ ಏನಾಯಿತು? ಜನ ಮುಳ್ಳು ತಿರುಗಿಸಿ ರೇಡಿಯೊ ಸಿಲೋನ್‌ಗೆ ಹೋದರು. ಎರಡನೆಯ ಮಹಾಯುದ್ಧದ ಕಾಲದ ಬಲವಾದ ಶಾರ್ಟ್‌ವೇವ್ ಟ್ರಾನ್ಸ್‌ಮಿಟರುಗಳು ಅಲ್ಲಿ ಉಳಿದಿದ್ದವು. ೧೯೫೨ರ ಡಿಸೆಂಬರಿನಲ್ಲಿ ಒಂದು ಹಲ್ಲುಪೇಸ್ಟಿನ ದುಡ್ಡಿನಿಂದ ಬಿನಾಕಾ ಗೀತಮಾಲಾ ಶುರುವಾಯಿತು, ಅಮೀನ್ ಸಯಾನಿಯವರ ದನಿ ವಾರಕ್ಕೊಮ್ಮೆ ದೇಶವನ್ನೇ ಕೂರಿಸಿಕೊಂಡಿತು. ಸೋತ ಸರ್ಕಾರ ೧೯೫೭ರ ಅಕ್ಟೋಬರ್ ೩ರಂದು ವಿವಿಧ ಭಾರತಿ ತೆರೆದು ಸಿನಿಮಾ ಹಾಡಿಗೆ ಮತ್ತೆ ಜಾಗ ಕೊಟ್ಟಿತು.

ಈ ಕತೆಯನ್ನು ಜನಾಭಿರುಚಿಯ ಗೆಲುವು ಎಂದು ಹೇಳುವುದು ವಾಡಿಕೆ. ಅರ್ಧ ಸರಿ. ಗೆದ್ದದ್ದರಲ್ಲಿ ಹಲ್ಲುಪೇಸ್ಟೂ ಇದೆ. ಆದರೆ ಸಿನಿಮಾ ಹಾಡು ಯಾರ ಕೈಯಲ್ಲಿ ಆಯಿತು ನೋಡಿ. ಮುಂಬಯಿಯ ಮೇಳಗಳಲ್ಲಿ ಇಗರ್ಜಿಯಲ್ಲಿ ಸ್ವರಲಿಪಿ ಕಲಿತುಬಂದ ಗೋವಾದ ಕ್ರೈಸ್ತರು ತುಂಬಿದ್ದರು. ಆಂಥೋನಿ ಗೊನ್ಸಾಲ್ವಿಸ್, ಸೆಬಾಸ್ಟಿಯನ್ ಡಿಸೋಜ ಮುಂತಾದವರು ಮೇಳ ಕಟ್ಟಿದರು, ಹೆಸರು ಬಂದದ್ದು ಸಂಗೀತ ನಿರ್ದೇಶಕರಿಗೆ. ಮಾತು ಬರೆದವರಲ್ಲಿ ಉರ್ದು ಕವಿಗಳು ಬಹಳ. ಕೇಸ್ಕರರ ಶುದ್ಧ ಹಾಡಿನ ಕಲ್ಪನೆಯಲ್ಲಿ ಯಾರು ಯಾರಿಗೆ ಜಾಗವಿರಲಿಲ್ಲವೋ ಅವರೆಲ್ಲ ಅಲ್ಲಿದ್ದರು. ಅದು ಜನಕ್ಕೆ ತಟ್ಟಿದ್ದರಲ್ಲಿ ಆಶ್ಚರ್ಯವೇನು?

ಸಿನಿಮಾ ಹಾಡಿಗೆ ಬದಲಾಗಿ ಜನಕ್ಕೆ ಕೊಡಲು ರೇಡಿಯೊ ತಾನೇ ತಯಾರಿಸಿದ ಮಾಲಿನ ಹೆಸರು ಸುಗಮ ಸಂಗೀತ. ಒಳ್ಳೆಯ ಕವಿಯ ಮಾತು, ಹಗುರವಾದ ರಾಗ, ಸಭ್ಯವಾದ ಮೇಳ. ಕನ್ನಡಕ್ಕೆ ಇದು ಬಂದಾಗ ನೆಲ ಹದವಾಗಿತ್ತು. ೧೯೩೫ರಲ್ಲೇ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಪುಟ್ಟ ನಿಲಯ ನಡೆಸಿ ಅದನ್ನು ಆಕಾಶವಾಣಿ ಎಂದು ಕರೆದಿದ್ದರು. ದೇಶಕ್ಕೆಲ್ಲ ಆ ಹೆಸರು ಆಮೇಲೆ ಬಂತು. ೧೯೫೦ರಲ್ಲಿ ಧಾರವಾಡ, ೧೯೫೫ರಲ್ಲಿ ಬೆಂಗಳೂರು ನಿಲಯಗಳಾದವು. ನವೋದಯದ ಕವಿತೆಗಳು ಹಾಡಲು ಕಾದು ಕೂತಿದ್ದವು. ಪಿ. ಕಾಳಿಂಗರಾಯರು ಅದಕ್ಕೂ ಮೊದಲೇ ಆ ಕವಿತೆಗಳನ್ನೂ ಜನಪದ ಹಾಡುಗಳನ್ನೂ ಒಂದೇ ಗಂಟಲಲ್ಲಿ ಹಾಡಿ ಊರೂರು ತಿರುಗಿದ್ದರು. ಅವರ ದನಿಯಲ್ಲಿ ನಾಟಕದ ಕಸುವಿತ್ತು. ಸಾವಿರ ಜನ ಕೂತ ಬಯಲಿನ ಕೊನೆಯ ಸಾಲಿಗೆ ಮುಟ್ಟುವ ದನಿ ಅದು.

ನಿಲಯದ ಮೈಕಿಗೆ ಅಂಥ ದನಿ ಬೇಕಿರಲಿಲ್ಲ. ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಂತೆ ಹಾಡಿದರೂ ಮೈಕು ಎತ್ತಿಕೊಳ್ಳುತ್ತದೆ. ಮೈಕು ಕೊಟ್ಟ ಈ ಅನುಕೂಲವೇ ಕ್ರಮೇಣ ನಿಯಮವಾಯಿತು, ನಿಯಮ ಅಭಿರುಚಿಯಾಯಿತು. ಮೆಲುದನಿಯೇ ಭಾವ, ತೆರೆದ ಗಂಟಲು ಒರಟು. ಗದ್ದೆಯ ಆ ಬದಿಗೆ ಕೇಳಿಸಬೇಕೆಂದು ಬೆಳೆಸಿದ ಗಂಟಲು, ಬೀಸುಕಲ್ಲಿನ ಸದ್ದಿನ ಮೇಲೆ ಏಳಬೇಕಾದ ಗಂಟಲು, ಗಾಜಿನ ಕೋಣೆಯಲ್ಲಿ ದೋಷವಾಗಿ ಕಂಡಿತು.

ಅಳತೆಯನ್ನೂ ನೋಡಿ. ಹಳೆಯ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದದ್ದು ಮೂರು, ಮೂರೂವರೆ ನಿಮಿಷ. ರೇಡಿಯೊದ ಕಾರ್ಯಕ್ರಮ ಕಾಲುಗಂಟೆಯದು. ಹತ್ತು ಹನ್ನೆರಡು ನುಡಿಗಳ ಕವಿತೆ ಒಂದು ಪಲ್ಲವಿ, ಮೂರು ಚರಣಕ್ಕೆ ಇಳಿಯಿತು. ಕವಿತೆಯಲ್ಲಿ ಸಿಟ್ಟೋ ಊರಿನ ಕತೆಯೋ ಇದ್ದ ನುಡಿ ಬಿದ್ದುಹೋಗಿ ಬೆಳದಿಂಗಳು ಇದ್ದ ನುಡಿ ಉಳಿದದ್ದೇ ಹೆಚ್ಚು ಎಂದು ನಮ್ಮ ಅನುಮಾನ. ನೀಲಗಾರರು ತಂಬೂರಿ, ಗಗ್ಗರ, ಡಮ್ಮಡಿ ಹಿಡಿದು ಇಡೀ ರಾತ್ರಿ ಹಾಡುವ ಮಂಟೇಸ್ವಾಮಿಯ ಕಾವ್ಯ ಆ ಕಾಲುಗಂಟೆಯೊಳಕ್ಕೆ ಹೇಗೆ ಹೋದೀತು? ಅದರಿಂದ ಒಂದು ಚೂರು ಮುರಿದು ಜಾನಪದ ಎಂಬ ಬೇರೆ ಪಂಕ್ತಿಯಲ್ಲಿ ಕೂರಿಸಿದರು.

ಆ ಪಂಕ್ತಿಭೇದದ ಗುಟ್ಟು ಹೆಸರು ಹೇಳುವುದರಲ್ಲಿದೆ. ಭಾವಗೀತೆಗೆ ಕವಿಯ ಹೆಸರು, ಸಂಯೋಜಕರ ಹೆಸರು, ಗಾಯಕರ ಹೆಸರು. ಜನಪದ ಗೀತೆಗೆ ಸಂಗ್ರಹಿಸಿದವರ ಹೆಸರು. ಕಟ್ಟಿ ಹಾಡಿದ ಹೆಂಗಸಿನ ಹೆಸರು ಎಲ್ಲಿ? ೧೯೩೧ರಲ್ಲಿ ಹಲಸಂಗಿಯ ಗೆಳೆಯರು ತಂದ ಸಂಕಲನ ನಮಗೆಲ್ಲ ಪ್ರಿಯವಾದದ್ದೇ, ಅವರ ಶ್ರಮಕ್ಕೆ ನಾವು ಕೈಮುಗಿಯುತ್ತೇವೆ. ಆದರೆ ಅದಕ್ಕೆ ಇಟ್ಟ ಹೆಸರು 'ಗರತಿಯ ಹಾಡು'. ಹಾಡಿದವಳು ಗರತಿ ಎಂದು ಮೊದಲು ಪ್ರಮಾಣಪತ್ರ ಕೊಟ್ಟ ಮೇಲೆ ಹಾಡಿಗೆ ಬೆಲೆ. ರೇಡಿಯೊದವರು ಆಮೇಲೆ ಕೇಳಿದ್ದೂ ಅದೇ ಪ್ರಮಾಣಪತ್ರ.

ರೇಡಿಯೊ ಕೇಳಿದ ನಮ್ಮ ಅನುಭವವೂ ಇದೆ. ಎಷ್ಟೋ ಊರುಗಳಲ್ಲಿ ಮೊದಲು ಬಂದದ್ದು ಪಂಚಾಯ್ತಿ ರೇಡಿಯೊ. ಅದು ಕಟ್ಟೆಯ ಮೇಲೆ, ನಾವು ಕಟ್ಟೆಯ ಕೆಳಗೆ. ಗೌಡರು ಎದ್ದು ಹೋಗುವಾಗ ಆರಿಸಿ ಹೋಗುತ್ತಿದ್ದರು, ಹಾಡು ಅರ್ಧಕ್ಕೇ ನಿಲ್ಲುತ್ತಿತ್ತು. ಆದರೂ ಕೇಳಿದೆವು. ಕೇಳಿ ಕಲಿತೆವು. ನಮ್ಮಲ್ಲಿ ಹಾಡುವವರು ಎಷ್ಟೋ ಮಂದಿ ಮೊದಲು ಗುನುಗಿದ್ದು ಆ ಕಟ್ಟೆಯ ಕೆಳಗೇ.

ಬಾಗಿಲಿನ ಕೀಲು ಸಡಿಲವಾದದ್ದು ಕ್ಯಾಸೆಟ್ಟಿನಿಂದ. ಗಲ್ಫಿಗೆ ದುಡಿಯಲು ಹೋದವರು ತಂದ ಟೇಪ್ ರೆಕಾರ್ಡರುಗಳು, ಆಮೇಲೆ ಇಲ್ಲೇ ಅಗ್ಗಕ್ಕೆ ಸಿಕ್ಕ ಟೇಪುಗಳು, 'ಹಾಡಲು ನಿಲಯದ ಅಪ್ಪಣೆ ಬೇಕಿಲ್ಲ' ಎಂದವು. ೧೯೭೮ರಲ್ಲಿ ನಿಸಾರ್ ಅಹಮದರ ಕವಿತೆಗಳ 'ನಿತ್ಯೋತ್ಸವ' ಕ್ಯಾಸೆಟ್ಟು ಬಂತು. ಮಟ್ಟು ಹಾಕಿದವರು ಮೈಸೂರು ಅನಂತಸ್ವಾಮಿ. ಅನಂತಸ್ವಾಮಿಯವರನ್ನು ನೆನೆದರೆ ಕಣ್ಣಿಗೆ ಬರುವುದೇ ಹಾರ್ಮೋನಿಯಂ ಮುಂದೆ ಕೂತ ಅವರ ಚಿತ್ರ! ರೇಡಿಯೊ ಹೊರಗಿಟ್ಟಿದ್ದ ಪೆಟ್ಟಿಗೆಯ ಮೇಲೆಯೇ ಕನ್ನಡದ ಭಾವಗೀತೆ ಬೆಳೆಯಿತು. ಮಟ್ಟು ಹುಟ್ಟುವುದು ಪೆಟ್ಟಿಗೆಯ ಮೇಲೆ, ಮೈಕಿನ ಮುಂದೆ ಬರುವಾಗ ಮಾತ್ರ ಪೆಟ್ಟಿಗೆ ಮಾಯ. ಅಡುಗೆ ಮಾಡಿದವರು ಹಿತ್ತಲಲ್ಲಿ ನಿಂತ ಹಾಗೆ.

ಸಿ. ಅಶ್ವಥ್ ಅವರ ಬಗ್ಗೆ ನಾವು ಇನ್ನೂ ಒಂದು ಮಾತು ಹೇಳಬೇಕು. ಐ.ಟಿ.ಐ. ಕಾರ್ಖಾನೆಯಲ್ಲಿ ನೌಕರಿ ಮಾಡಿಕೊಂಡು ಹಾಡಿಗೆ ಬಂದ ಈ ಮನುಷ್ಯ ಸುಗಮ ಸಂಗೀತದ ಮೆಲುದನಿಯ ನಿಯಮವನ್ನು ಒಳಗಿನಿಂದಲೇ ಮುರಿದರು. ಶಿಶುನಾಳ ಷರೀಫರ ತತ್ವಪದಗಳನ್ನು ಅವರು ಹಾಡಿದ್ದು ಬಾಗಿ ಪಿಸುಗುಟ್ಟಿಯಲ್ಲ, ಏರುಗಂಟಲಲ್ಲಿ ಕೂಗಿ, ಕೆಲವೊಮ್ಮೆ ಗಂಟಲು ಒಡೆದುಕೊಂಡು. ಪಂಡಿತರಿಗೆ ಇರಿಸುಮುರಿಸಾಯಿತು. ಬಸ್ ನಿಲ್ದಾಣದ ಕ್ಯಾಸೆಟ್ ಅಂಗಡಿಗಳಿಗೆ ಆಗಲಿಲ್ಲ. ಅವರ ಎಲ್ಲ ಹಾಡೂ ನಮಗೆ ಒಪ್ಪಿಗೆ ಎಂದಲ್ಲ. ನೂರು ದನಿಗಳ ಮೇಳ ಕಟ್ಟುವ ಹುಚ್ಚಿನಲ್ಲಿ ಮಾತು ಮುಳುಗಿದ್ದುಂಟು. ಆದರೆ ಆ ತೆರೆದ ಗಂಟಲು ಬಯಲಿನದು, ನಾಟಕದ್ದು, ಭಜನೆಯದು. ಅದು ಸುಗಮ ಸಂಗೀತಕ್ಕೆ ಮರಳಿ ಬಂದದ್ದು ಅವರಿಂದ. ಇಷ್ಟಾಗಿಯೂ ನಾವು ಕೇಳಿದ ಸುಗಮ ಸಂಗೀತದಲ್ಲೆಲ್ಲ ತಬಲ ಇದೆ, ಪಿಟೀಲು ಇದೆ, ಕೊಳಲು, ಸಿತಾರು, ಆಮೇಲೆ ಗಿಟಾರು, ಕೀಬೋರ್ಡು ಎಲ್ಲ ಇವೆ. ತಮಟೆಯ ಪೆಟ್ಟು ನಮಗೆ ನೆನಪಿಗೆ ಬರುವುದಿಲ್ಲ. ತಬಲಕ್ಕೂ ಮೃದಂಗಕ್ಕೂ ಬಿಗಿದದ್ದು ಚರ್ಮವೇ. ಹದ ಮಾಡಿದ ಕೈ ಯಾರದು ಎಂದು ಕೇಳದೇ ಇರುವಷ್ಟು ಕಾಲ ಅದಕ್ಕೆ ಮೈಲಿಗೆ ಇಲ್ಲ. ಕೇಳಿದರೆ ಏನಾಗುತ್ತದೆ ಎಂಬುದನ್ನು ಟಿ.ಎಂ. ಕೃಷ್ಣ ತೋರಿಸಿಕೊಟ್ಟರು. ಮೃದಂಗ ಮಾಡುವ ದಲಿತ ಕ್ರೈಸ್ತ ಕುಟುಂಬಗಳ ಬಗ್ಗೆ ಅವರು ಬರೆದ ಪುಸ್ತಕದ ಬಿಡುಗಡೆಗೆ ೨೦೨೦ರಲ್ಲಿ ಮದರಾಸಿನ ಕಲಾಕ್ಷೇತ್ರ ಕೊಟ್ಟಿದ್ದ ಸಭಾಂಗಣವನ್ನು ಹಿಂದಕ್ಕೆ ಪಡೆಯಿತು.

ನಮ್ಮ ಹಾಡು ಈ ಬಾಗಿಲಿಗೆ ಹೋಗಲೇ ಇಲ್ಲ. ೧೯೭೫ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದಾಗ ಅದರಲ್ಲಿ ಇದ್ದದ್ದು ಹೆಸರೇ ಹೇಳುವಂತೆ ಹಾಡು. ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ, ಸಮುದಾಯದ ಬೀದಿನಾಟಕಗಳಲ್ಲಿ ಅವು ಹರಡಿದ್ದು ಅಚ್ಚಿನಿಂದಲ್ಲ, ಬಾಯಿಂದ ಬಾಯಿಗೆ. ಆಡಿಷನ್ ಇರಲಿಲ್ಲ. ಕೋಲಾರದ ಕಡೆಯ ಪಿಚ್ಚಳ್ಳಿ ಶ್ರೀನಿವಾಸ್, ಗೊಲ್ಲಹಳ್ಳಿ ಶಿವಪ್ರಸಾದ್ ಮುಂತಾದ ಗೆಳೆಯರು ತಮಟೆಯ ಜೊತೆ ಹಾಡಿದಾಗ ಮೈಕು ಕೆಟ್ಟರೂ ಚಿಂತೆ ಇರಲಿಲ್ಲ. ಮಟ್ಟುಗಳು ಎಲ್ಲಿಂದ ಬಂದವು? ಕೋಲಾಟದಿಂದ, ತತ್ವಪದದಿಂದ, ಸಿನಿಮಾದಿಂದ, ಹಾರ್ಮೋನಿಯಂ ಮೇಷ್ಟ್ರು ಕಲಿಸಿದ ಕುರುಕ್ಷೇತ್ರದಿಂದ. ನಮ್ಮ ಅಪ್ಪಂದಿರು ಭೀಮನ ಪಾತ್ರದಲ್ಲಿ ಗದೆ ತಿರುಗಿಸುತ್ತ ಹಾಡಿದ ವೀರಾವೇಶದ ಧಾಟಿಯೇ ಮೆರವಣಿಗೆಯಲ್ಲಿ ಬೇರೆ ಮಾತು ಹೊತ್ತು ಬಂತು. ಇದನ್ನು ಯಾರೂ ಬರೆದಿಟ್ಟಿಲ್ಲ.

ಇವತ್ತಿನ ನಮ್ಮ ತಕರಾರು ಇಲ್ಲೇ ಇದೆ. ಪ್ರತಿಭಾ ಕಾರಂಜಿಗೆ ಮಕ್ಕಳನ್ನು ಕರೆದುಕೊಂಡು ಹೋಗುವ ಮೇಷ್ಟ್ರುಗಳು ಈ ಪತ್ರಿಕೆಯ ಓದುಗರಲ್ಲಿ ಬಹಳ ಜನ ಇದ್ದಾರೆ. ಅಲ್ಲಿನ ಪಟ್ಟಿ ನೋಡಿ: ಭಾವಗೀತೆ, ಭಕ್ತಿಗೀತೆ, ಜಾನಪದ ಗೀತೆ. ಆಕಾಶವಾಣಿ ಹಾಕಿಕೊಟ್ಟ ಪಂಕ್ತಿಗಳೇ ಶಾಲೆಯ ಅಂಗಳಕ್ಕೆ ಬಂದು ಕೂತಿವೆ. ಭಾವಗೀತೆಗೆ ಕ್ಯಾಸೆಟ್ಟಿನ ದನಿಯನ್ನು ಯಥಾವತ್ತಾಗಿ ಅನುಕರಿಸಿದ ಮಗುವಿಗೆ ಬಹುಮಾನ. ಕೇರಿಯಿಂದ ಬಂದ ಹುಡುಗಿ ತನ್ನ ಅಜ್ಜಿಯಿಂದ ಕಲಿತದ್ದನ್ನು ಅಜ್ಜಿಯ ಗಂಟಲಲ್ಲೇ ಹಾಡಿದರೆ ದನಿ ಪಳಗಬೇಕು ಅನ್ನುತ್ತಾರೆ. ಪಳಗುವುದೆಂದರೆ ಏನು? ಯಾರ ಹಾಗೆ? ತೀರ್ಪುಗಾರರಾಗಿ ಕೂರುವವರಲ್ಲಿ ನಮ್ಮವರೂ ಇರುತ್ತಾರೆ, ಅವರೂ ಹೀಗೇ ಅಂಕ ಹಾಕುತ್ತಾರೆ. ನಮ್ಮ ಕಾರ್ಯಕ್ರಮಗಳ ವೇದಿಕೆಯೂ ಬೇರೆಯಾಗಿ ಉಳಿದಿಲ್ಲ. ಕ್ರಾಂತಿಗೀತೆ ಎಂದು ಹೆಸರು, ಹಿಂದೆ ಕೀಬೋರ್ಡಿನ ಅಲೆ, ಮುಂದೆ ಕಣ್ಣು ಮುಚ್ಚಿ ಮೆಲ್ಲಗೆ ಹಾಡುವ ಗಾಯಕ. ತಮಟೆಯವರನ್ನು ಅತಿಥಿಗಳ ಮೆರವಣಿಗೆಗೆ ಕರೆದು, ಹಾಡು ಶುರುವಾದಾಗ ಕೆಳಗೆ ಕೂರಿಸುತ್ತೇವೆ. ಕೊಡುವ ದುಡ್ಡು ಕೀಬೋರ್ಡಿನವನಿಗೆ ಒಂದು, ತಮಟೆಯವನಿಗೆ ಇನ್ನೊಂದು. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರ ತಮಟೆಗೆ ಕೇಂದ್ರ ಸರ್ಕಾರ ೨೦೨೩ರಲ್ಲಿ ಪದ್ಮಶ್ರೀ ಕೊಟ್ಟಿತು. ಸಂತೋಷ. ನಮ್ಮದೇ ಸಮಾವೇಶದ ಖರ್ಚಿನ ಪಟ್ಟಿಯಲ್ಲಿ ತಮಟೆಗೆ ಎಷ್ಟು ಬರೆದಿದ್ದೇವೆ ಎಂದು ತೆಗೆದು ನೋಡಿಕೊಳ್ಳಬೇಕು.

ಹಾರ್ಮೋನಿಯಂ ಮೇಷ್ಟ್ರುಗಳು ಈಗ ಬಹಳ ಜನ ಉಳಿದಿಲ್ಲ. ಉಳಿದವರ ಕಣ್ಣು ಮಂಜಾಗಿದೆ, ಬೆರಳು ಇನ್ನೂ ಓಡುತ್ತದೆ. ಓದುಗ ಗೆಳೆಯರಲ್ಲಿ ನಮ್ಮದೊಂದು ಕೋರಿಕೆ. ನಿಮ್ಮೂರಿಗೆ, ನಿಮ್ಮ ಕೇರಿಗೆ ಬಂದು ನಾಟಕ ಕಲಿಸಿದ ಮೇಷ್ಟ್ರು ಯಾರು, ಯಾವ ನಾಟಕ, ಎಲ್ಲಿ ಕೂತು ಕಲಿಸಿದರು, ಅವರ ಯಾವ ಮಟ್ಟು ಆಮೇಲೆ ಯಾವ ಹೋರಾಟದ ಹಾಡಾಯಿತು, ಅದನ್ನು ಮೊದಲು ಹಾಡಿದ ಹೆಣ್ಣುಮಗಳು ಯಾರು, ವಿಚಾರಿಸಿ ಬರೆದು ಕಳಿಸಿ. ಪೋಸ್ಟ್ ಕಾರ್ಡಿನಷ್ಟಾದರೂ ಸಾಕು. ಬಂದದ್ದನ್ನು ಬಂದಂತೆ ಅಚ್ಚು ಹಾಕುತ್ತೇವೆ, ಹೆಸರುಗಳ ಸಮೇತ.